ದೊಡ್ಡಮರದ ಹೊಟ್ಟೆ

"ದೊಡ್ಡಮರ, ದೊಡ್ಡಮರ! ಇಳಿಯೋರು ಮುಂದೆ ಬನ್ನಿ," ಎಂದು ಕಂಡಕ್ಟರ್ ಕೂಗುವ ಹೊತ್ತಿಗೆ ಮೇಸ್ತ್ರಿ ಎದ್ದು ನಿಂತಾಗಿತ್ತು. ಬಸ್ಸು ಇನ್ನೂ ಓಡುತ್ತಲೇ ಇತ್ತು. ಮಗಳು ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದರಲ್ಲಿ ಅಪ್ಪನ ತೋಳನ್ನೂ ಹಿಡಿದಳು.

"ಕೂತ್ಕೋ ಅಪ್ಪ. ನಿಂತ್ಮೇಲೆ ಇಳಿದ್ರಾಯ್ತು."

"ನಿಂತ್ಮೇಲೆ ಎದ್ರೆ ಈ ಮಹಾರಾಯ ನಮ್ಮನ್ನ ಡಿಪೋವರೆಗೂ ಕರ್ಕೊಂಡು ಹೋಗ್ತಾನೆ."

"ಇಲ್ಲ ತಾತ, ನಿಮ್ಮನ್ನ ಇಳಿಸದೆ ಗಾಡಿ ಮುಂದಕ್ಕೆ ಬಿಡಲ್ಲ. ನಿಮ್ಮ ಬಾಯಿಗೆ ಸಿಗೋದು ಯಾರು?" ಎಂದ ಕಂಡಕ್ಟರ್. ಮುಂದಿನ ಸೀಟಿನವರು ನಕ್ಕರು. ಮೇಸ್ತ್ರಿಯೂ ನಕ್ಕರು. ಮಗಳಿಗೆ ನಗು ಬರಲಿಲ್ಲ.

ಇಳಿದ ಜಾಗದಲ್ಲಿ ಮರವಿರಲಿಲ್ಲ. ಅದು ಬಿದ್ದು ವರ್ಷಗಳೇ ಆಗಿದ್ದವು. ಆದರೂ ಸ್ಟಾಪಿನ ಹೆಸರು ಹೋಗಿರಲಿಲ್ಲ. ಊರು ಕಟ್ಟಲು ಬಂದ ಮೊದಲ ಜನ ಈ ಮರದ ನೆರಳಲ್ಲಿ ನಿಂತು, ಯಾವ ಬೀದಿ ಯಾವ ಕಡೆಗೆ ಹೋಗಬೇಕೆಂದು ಹಗ್ಗ ಎಳೆದು ಗುರುತು ಮಾಡಿದರೆಂದು ಹೇಳುತ್ತಿದ್ದರು. ಸುತ್ತಲಿನ ಮೈಲಿಗಲ್ಲುಗಳೆಲ್ಲ ಇವತ್ತಿಗೂ ದೂರವನ್ನು ಅಲ್ಲಿಂದಲೇ ಎಣಿಸುತ್ತವೆ. ಹೋದ ವರ್ಷ ನಗರಸಭೆಯವರು ಆ ಜಾಗಕ್ಕೆ ಬೇಲಿ ಹಾಕಿ, ಹುಲ್ಲು ಬೆಳೆಸಿ, ನಾಲ್ಕು ಬೆಂಚುಗಳನ್ನಿಟ್ಟು ಒಂದು ಸಣ್ಣ ಪಾರ್ಕು ಮಾಡಿದ್ದರು.

ಪಾರ್ಕಾದ ಸುದ್ದಿ ಕಿವಿಗೆ ಬಿದ್ದ ದಿನದಿಂದ ಮೇಸ್ತ್ರಿ ಅದನ್ನು ನೋಡಬೇಕು ಎನ್ನುತ್ತಿದ್ದರು. ಮಗಳು ಒಮ್ಮೆ ಅವರ ಮೊಣಕಾಲನ್ನು ಮುಂದೆ ಮಾಡಿದಳು, ಒಮ್ಮೆ ಬಿಸಿಲನ್ನು, ಒಮ್ಮೆ ತನಗೆ ರಜೆ ಸಿಗದಿರುವುದನ್ನು. ಕಳೆದ ವಾರ ಪಕ್ಕದ ಮನೆಯಾಕೆ ಫೋನು ಮಾಡಿ, "ನಿಮ್ಮ ತಂದೆ ಒಬ್ರೇ ಬಸ್‌ಸ್ಟಾಪಲ್ಲಿ ನಿಂತಿದ್ದಾರೆ, ಇಸ್ತ್ರಿ ಮಾಡಿದ ಅಂಗಿ ಬೇರೆ ಹಾಕ್ಕೊಂಡಿದ್ದಾರೆ," ಎಂದಾಗ ಅವಳು ಸೋತಳು. ಮಾರನೆಯ ದಿನ ಡ್ಯೂಟಿ ಮುಗಿಸಿ ತಾನೊಬ್ಬಳೇ ಬಂದು ಪಾರ್ಕನ್ನು ನೋಡಿಕೊಂಡು ಹೋದಳು. ಮುಂಬಾಗಿಲ ಹತ್ತಿರ ಒಂದು ದೊಡ್ಡ ಕಲ್ಲಿನ ಫಲಕವಿತ್ತು. ಅದರಲ್ಲಿ ಮರದ ಕಥೆಯೆಲ್ಲ ಇತ್ತು. ಕೊನೆಯ ಸಾಲುಗಳನ್ನು ಅವಳು ನಿಂತಲ್ಲೇ ಎರಡು ಸಲ ಓದಿದ್ದಳು: ಪೊಟರೆಗೆ ಸಿಮೆಂಟು ತುಂಬಿದ್ದರಿಂದ ಒಳಗಿನ ನೀರು ಹೊರಹೋಗಲಾರದೆ ಮರವು ಒಳಗಿನಿಂದಲೇ ಕೊಳೆತು ಉರುಳಿತು. ಇದು ಅಂದಿನ ತಿಳಿಗೇಡಿತನಕ್ಕೂ ಒಂದು ಸ್ಮಾರಕ.

ಸಿಮೆಂಟು ತುಂಬಿದವನ ಹೆಸರನ್ನು ಬರೆದಿರಲಿಲ್ಲ. ಅವನು ಇವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ತೋಳಿಗೆ ಜೋತುಬಿದ್ದು ರಸ್ತೆ ದಾಟುತ್ತಿದ್ದ.

"ಸೈಡ್ ಗೇಟಿಂದ ಹೋಗೋಣ ಅಪ್ಪ. ಆ ಕಡೆ ಮೆಟ್ಟಿಲಿಲ್ಲ."

"ನಿಂಗೆ ಹೇಗೆ ಗೊತ್ತು?"

"ಆಸ್ಪತ್ರೇಲಿ ಯಾರೋ ಹೇಳ್ತಿದ್ರು."

"ಆಸ್ಪತ್ರೆಯೋರು ರೋಗದ ವಿಷಯ ಬಿಟ್ಟು ಎಲ್ಲ ಮಾತಾಡ್ತಾರೆ," ಎಂದು ಮೇಸ್ತ್ರಿ ಜೇಬು ತಡವಿಕೊಂಡರು. "ನನ್ನ ಕನ್ನಡಕ ಎಲ್ಲಿ?"

"ಅಯ್ಯೋ! ಟೇಬಲ್ ಮೇಲೇ ಬಿಟ್ಟು ಬಂದ್ವಿ ಅನ್ಸುತ್ತೆ."

ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಅವಳೇ ಅದನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದ್ದಳು.

ಆಸ್ಪತ್ರೆಯಲ್ಲಿ ಅವಳದು ರಕ್ತ ತೆಗೆಯುವ ಕೆಲಸ. ಸೂಜಿ ಚುಚ್ಚುವ ಹೊತ್ತಿಗೆ ಸರಿಯಾಗಿ "ಮಕ್ಕಳೆಷ್ಟು ನಿಮಗೆ?" ಎಂದೋ "ಈ ಬಳೆ ಎಲ್ಲಿ ತಗೊಂಡ್ರಿ?" ಎಂದೋ ಕೇಳುತ್ತಿದ್ದಳು. ಅವರು ಉತ್ತರ ಹುಡುಕುವುದರೊಳಗೆ ಸಿರಿಂಜು ತುಂಬಿರುತ್ತಿತ್ತು. ಅವಳ ಕೈ ಹಗುರ ಎಂದು ರೋಗಿಗಳು ಹೊಗಳುತ್ತಿದ್ದರು. ಆ ಉಪಾಯವನ್ನು ಅವಳು ಕಲಿತದ್ದು ಟ್ರೈನಿಂಗಿನಲ್ಲಲ್ಲ, ತನ್ನಮ್ಮನಿಂದ.

ದೊಡ್ಡಮರಕ್ಕೆ ಸಿಮೆಂಟು ತುಂಬಿದಾಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಬುಡದಿಂದ ಮೇಲಕ್ಕೆ ಮರದ ಹೊಟ್ಟೆ ಟೊಳ್ಳಾಗಿ, ಒಳಗೆ ಒಬ್ಬ ಮನುಷ್ಯ ಕೈ ಚಾಚಿ ನಿಲ್ಲುವಷ್ಟು ದೊಡ್ಡ ಪೊಟರೆಯಾಗಿತ್ತು. ಗಾಳಿಗೆ ಮುರಿದೀತೆಂದು ಊರೆಲ್ಲ ಹೆದರಿತ್ತು. ಟೊಳ್ಳನ್ನು ತುಂಬಿದರೆ ಮರ ಗಟ್ಟಿಯಾಗುತ್ತದೆಂದು ಆಗ ಓದಿದವರೂ ನಂಬಿದ್ದರು. ನೀರಿನ ಟ್ಯಾಂಕು ಕಟ್ಟುವುದರಲ್ಲಿ ಮೇಸ್ತ್ರಿಯನ್ನು ಮೀರಿಸುವವರಿರಲಿಲ್ಲವಾದ್ದರಿಂದ ಕೆಲಸ ಅವರಿಗೇ ಬಂತು. ಅವಳು ಶಾಲೆ ಬಿಟ್ಟು ಬರುವಾಗ ಅಪ್ಪ ಏಣಿಯ ಮೇಲೆ, ಅರ್ಧ ಮೈ ಮರದೊಳಗೆ, ಕಾಲು ಮಾತ್ರ ಹೊರಗೆ ಕಾಣುತ್ತಿದ್ದರು. ಕೆಲಸ ಮುಗಿದ ಮೇಲೆ ಮನೆಗೆ ಯಾವ ನೆಂಟರು ಬಂದರೂ ಅಮ್ಮ ಅವರನ್ನು ಮರದ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. "ನಮ್ಮನೆಯೋರು ಉಳಿಸಿದ ಮರ," ಎನ್ನುತ್ತಿದ್ದಳು. ಕಾಂಡದ ಮೇಲಿನ ಬೂದುಬಣ್ಣದ ತೇಪೆಯನ್ನು ಸವರಿ, "ಮುಟ್ಟಿ ನೋಡಿ, ಒಂದು ತೊಟ್ಟು ಸೋರಲ್ಲ," ಎನ್ನುತ್ತಿದ್ದಳು.

ಅದೇ ಮರ ಒಂದು ಮುಂಜಾನೆ, ಗಾಳಿಯೂ ಇಲ್ಲದೆ ರಸ್ತೆಗೆ ಅಡ್ಡ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಮಾರನೆಯ ದಿನದ ಪೇಪರಿನಲ್ಲಿ ಯಾರೋ ತಿಳಿದವರು ಸಿಮೆಂಟಿನ ಮೇಲೆ ತಪ್ಪು ಹೊರಿಸಿ ಬರೆದಿದ್ದರು. ಅಮ್ಮ ಆ ಪೇಪರನ್ನು ಒಲೆಗೆ ಹಾಕಿ, "ಇವತ್ತು ಪೇಪರ್ ಬಂದೇ ಇಲ್ಲ ಕಣ್ರೀ," ಎಂದಳು. ಮಗಳ ಕಡೆಗೆ ತಿರುಗಿ ಕಣ್ಣಿನಲ್ಲೇ ಒಂದು ಮಾತು ತೆಗೆದುಕೊಂಡಳು. ಅಲ್ಲಿಂದಾಚೆಗೆ ಮನೆಯಲ್ಲಿ ಮರದ ಮಾತು ಬಂದಾಗಲೆಲ್ಲ ಅಮ್ಮನಿಗೆ ಏನಾದರೊಂದು ನೆನಪಾಗುತ್ತಿತ್ತು. ಹಾಲು ಉಕ್ಕುತ್ತಿತ್ತು, ಬಟ್ಟೆ ಒಣಗಿರುತ್ತಿತ್ತು, ಬಾಗಿಲಲ್ಲಿ ಯಾರೋ ಕರೆದ ಹಾಗಾಗುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಆ ಕೆಲಸ ಮಗಳಿಗೆ ಬಂತು.

ಸೈಡ್ ಗೇಟಿನ ಒಳಗೆ ಹೋದ ಕೂಡಲೇ ಒಂದು ಎಳೆಯ ಮರವಿತ್ತು. ದೊಡ್ಡಮರದ ಕೊಂಬೆಯಿಂದ ಬೆಳೆಸಿದ್ದು. ಅದಕ್ಕೆ ಬಿದಿರಿನ ಆಸರೆ ಕಟ್ಟಿದ್ದರು. ಅಪ್ಪನನ್ನು ಅಲ್ಲಿನ ಬೆಂಚಿನ ಮೇಲೆ ಕೂರಿಸಿ, ಸ್ವಲ್ಪ ಹೊತ್ತು ಗಾಳಿ ಕುಡಿಸಿ, ಬಂದ ದಾರಿಯಲ್ಲೇ ಕರೆದುಕೊಂಡು ಹೋಗಿಬಿಡಬೇಕೆಂಬುದು ಅವಳ ಲೆಕ್ಕಾಚಾರ.

"ನೋಡಪ್ಪ, ಅದರ ಮಗ ಇದು. ಎಷ್ಟು ಚೆನ್ನಾಗಿ ಬಂದಿದೆ."

ಮೇಸ್ತ್ರಿ ಎಳೆ ಮರವನ್ನು ಮೇಲಿನಿಂದ ಕೆಳಗೆ ನೋಡಿದರು. "ಹ್ಞೂಂ, ಚೆನ್ನಾಗಿದೆ," ಎಂದರು, ಪರಿಚಯವಿಲ್ಲದವರ ಮಗುವನ್ನು ತೋರಿಸಿದಾಗ ಹೇಳುವ ಹಾಗೆ. ಅಷ್ಟರಲ್ಲಿ ಅವರ ಕಣ್ಣು ಹುಲ್ಲಿನ ಆಚೆಗೆ ಹೋಗಿತ್ತು. ಅವಳ ತೋಳನ್ನು ಬಿಟ್ಟು ಅವರು ಆ ಕಡೆಗೆ ನಡೆಯತೊಡಗಿದರು. ಬೆಳಗಿನಿಂದ ಮೊಣಕಾಲು ಹಿಡಿದು ಕೂತಿದ್ದವರು ಅವರೇ ಹೌದೋ ಅಲ್ಲವೋ ಎನಿಸುವಷ್ಟು ಬೇಗ ನಡೆದರು.

ಪಾರ್ಕಿನ ನಡುವೆ, ಮೊಣಕಾಲೆತ್ತರದ ಸರಪಳಿಯ ಬೇಲಿಯೊಳಗೆ, ಅದು ನಿಂತಿತ್ತು. ಮರದ ದಿಮ್ಮಿಯನ್ನೆಲ್ಲ ಕೊಯ್ದು ಸಾಗಿಸಿದ ಮೇಲೆ ಉಳಿದದ್ದು ಆ ಸಿಮೆಂಟೊಂದೇ. ಅದನ್ನು ಒಡೆದು ಹಾಕಲು ಮನಸ್ಸಾಗದೆ ನಿಲ್ಲಿಸಿದ್ದರು. ಎರಡಾಳು ಎತ್ತರ, ಮೇಲೆ ಸಪೂರ, ನಡುವೆ ಉಬ್ಬು, ಬುಡಕ್ಕೆ ಬರುತ್ತ ಒಂದು ಕಡೆಗೆ ಸೊಟ್ಟ. ಪೊಟರೆಯ ಒಳಗೋಡೆಯ ಒಂದೊಂದು ಗೆರೆ, ಒಂದೊಂದು ಗಂಟು ಅದರ ಮೈಮೇಲೆ ಅಚ್ಚೊತ್ತಿಕೊಂಡಿತ್ತು. ಮರ ಹೋಗಿ, ಮರದೊಳಗಿನ ಖಾಲಿ ಜಾಗ ಮಾತ್ರ ನಿಂತುಕೊಂಡಿತ್ತು.

ಮುಂಬಾಗಿಲಿನಿಂದ ಒಂದು ಜೋಡಿ ಒಳಗೆ ಬಂತು. ಗಂಡ ದಪ್ಪಗಿದ್ದ, ಹೆಂಡತಿಯ ಕೈಯಲ್ಲಿ ಛತ್ರಿಯಿತ್ತು. ಗಂಡ ಫಲಕವನ್ನು ಓದಿಕೊಂಡು ಬಂದ ಹುರುಪಿನಲ್ಲಿದ್ದ.

"ಇದೇ ನೋಡು ಆ ಸಿಮೆಂಟು. ಯಾವನೋ ಪುಣ್ಯಾತ್ಮ ಪಾಪದ ಮರದ ಹೊಟ್ಟೆ ತುಂಬಾ ಇದನ್ನ ಸುರ್ದುಬಿಟ್ಟಿದ್ದಾನೆ. ನೂರಾರು ವರ್ಷದ ಮರ, ಕಥೆ ಮುಗೀತು."

"ಮೆತ್ತಗೆ ಮಾತಾಡಿ. ಊರಿಗೆಲ್ಲ ಕೇಳ್ಸುತ್ತೆ."

"ಕೇಳ್ಲಿ ಬಿಡು. ಅವನೇನು ಇಲ್ಲಿ ಬಂದು ನಿಂತಿದ್ದಾನಾ?"

"ನಿಂತಿದ್ದೀನಿ ಸ್ವಾಮಿ," ಎಂದರು ಮೇಸ್ತ್ರಿ. "ನಾನೇ ಅದು."

ಗಂಡ ಒಮ್ಮೆ ಮೇಸ್ತ್ರಿಯನ್ನೂ ಒಮ್ಮೆ ಮಗಳನ್ನೂ ನೋಡಿದ. ತಮಾಷೆ ಇರಬಹುದೆಂದು ನಗಲು ಹೋಗಿ, ಮಗಳ ಮುಖ ನೋಡಿ ನಿಲ್ಲಿಸಿದ. ಹೆಂಡತಿ ಛತ್ರಿಯನ್ನು ಕೆಳಗಿಳಿಸಿದಳು.

"ಅಯ್ಯೋ ಯಜಮಾನ್ರೇ, ನಾನು ಸುಮ್ನೆ ಬಾಯಿಗೆ ಬಂದ ಹಾಗೆ... ತಪ್ಪು ತಿಳ್ಕೋಬೇಡಿ."

"ನಾನು ಹೇಳಿದ್ದೆ ಮೆತ್ತಗೆ ಮಾತಾಡಿ ಅಂತ," ಎಂದಳು ಹೆಂಡತಿ.

"ಇಲ್ಲ ಇಲ್ಲ. ನೀವು ಸರಿಯಾಗೇ ಹೇಳಿದ್ರಿ." ಮೇಸ್ತ್ರಿಯ ದನಿಯಲ್ಲಿ ಬೇಸರವಿರಲಿಲ್ಲ. ತಾವು ಬಹಳ ದಿನಗಳಿಂದ ಕಾಯುತ್ತಿದ್ದ ನೆಂಟರು ಬಂದು ಬಾಗಿಲು ತಟ್ಟಿದ ಹಾಗೆ ಅವರು ಎರಡು ಹೆಜ್ಜೆ ಮುಂದೆ ಬಂದರು. "ಕೆಳಗಿಂದ ಹಿಡಿದು ತುಂಬಿದ್ದು ಇದು. ಜಲ್ಲಿ ಸಣ್ಣದು, ಮರಳು ತೊಳೆದದ್ದು. ಕೆಲಸ ಚೆನ್ನಾಗೇ ಆಗಿತ್ತು, ಅದ್ರಲ್ಲಿ ಮೋಸ ಇಲ್ಲ. ಆದ್ರೆ ಎಲ್ಲ ಮುಗಿದ್ಮೇಲೆ ನಾನೊಂದು ಕೆಲಸ ಮಾಡ್ದೆ. ಅದನ್ನ ಯಾರೂ ಮಾಡು ಅಂದಿರ್ಲಿಲ್ಲ. ನಾನೇ, ಒಂದು ಭಾನುವಾರ—"

"ಅಪ್ಪ, ಮಾತ್ರೆ ಹೊತ್ತಾಯ್ತು," ಎಂದಳು ಮಗಳು.

ಹೇಳಬೇಕೆಂದು ಹೇಳಿದ್ದಲ್ಲ. ಸೂಜಿ ಹಿಡಿದಾಗ ಬರುವ ಹಾಗೆ ಅದು ತಾನಾಗಿಯೇ ಬಂತು. ಬ್ಯಾಗಿನಿಂದ ನೀರಿನ ಬಾಟಲಿಯನ್ನೂ ತೆಗೆದಾಗಿತ್ತು. ಮೇಸ್ತ್ರಿಯ ಬಾಯಿ ಅರ್ಧ ತೆರೆದಿತ್ತು. ಅವರು ಅದನ್ನು ಮುಚ್ಚಿ, ಕೈ ಚಾಚಿ ಮಾತ್ರೆ ತೆಗೆದುಕೊಂಡು, ಹೇಳಿದ ಮಾತು ಕೇಳುವ ಮಗುವಿನಂತೆ ನೀರು ಕುಡಿದರು.

"ಬರ್ತೀವಿ ಯಜಮಾನ್ರೇ, ಆರೋಗ್ಯ ನೋಡ್ಕೊಳ್ಳಿ," ಎಂದು ಗಂಡ ಆ ಸಂದಿನಲ್ಲೇ ಜಾರಿಕೊಂಡ. ಹೆಂಡತಿ ಗೇಟಿನವರೆಗೂ ಅವನಿಗೆ ಏನೋ ಹೇಳುತ್ತಲೇ ಹೋದಳು.

ಮೇಸ್ತ್ರಿ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಹಾಕಿದರು.

"ನಿಮ್ಮಮ್ಮನೂ ಸರಿಯಾಗಿ ಇಲ್ಲೇ ತಡೆಯೋಳು," ಎಂದರು.

"ಎಲ್ಲಿ?"

"ಭಾನುವಾರ ಅಂದ ತಕ್ಷಣ. ಎಷ್ಟು ಸಲ ಶುರು ಮಾಡಿದ್ದೀನೋ. ಎದ್ದು ಒಲೆ ಹತ್ರ ಹೋಗಿಬಿಡೋಳು. ಒಂದ್ಸಲ ಒಲೆ ಹಚ್ಚೇ ಇರ್ಲಿಲ್ಲ, ಹಾಲು ಉಕ್ತು ಅಂತ ಎದ್ದು ಹೋದ್ಳು." ಅವರು ಸಣ್ಣಗೆ ನಕ್ಕರು. "ಪೇಪರ್ ಒಲೆಗೆ ಹಾಕಿದ್ದೂ ಗೊತ್ತು ನಂಗೆ. ನೀನು ಕನ್ನಡಕ ಎಲ್ಲಿಟ್ಟಿದ್ದೀಯ ಅಂತಾನೂ ಗೊತ್ತು. ಬೀರು ಬಾಗಿಲು ಕಿರ್ ಅನ್ನುತ್ತೆ, ಎಣ್ಣೆ ಹಾಕ್ಸು."

ಅವಳು ಬೆಂಚಿಗಾಗಿ ಹುಡುಕಿದಳು. ಹತ್ತಿರದಲ್ಲಿ ಯಾವುದೂ ಇರಲಿಲ್ಲ.

"ಮರ ಬಿದ್ದ ದಿನ ನೀನು ಕೆಲಸಕ್ಕೆ ಹೋಗಿದ್ದೆಯಲ್ಲ ಅಪ್ಪ?"

"ಕೆಲಸಕ್ಕೆ ಅಂತ ಹೇಳಿ ಇಲ್ಲಿಗೆ ಬಂದಿದ್ದೆ. ಇನ್ನೂ ಪೊಲೀಸರೂ ಬಂದಿರ್ಲಿಲ್ಲ. ಕಾಂಡ ಸೀಳಿತ್ತು. ಒಳಗಿದ್ದ ನೀರೆಲ್ಲ ರಸ್ತೆಗೆ ಬಂದಿತ್ತು. ಕಪ್ಪು ನೀರು, ಮಗಾ. ವರ್ಷಗಟ್ಲೆ ಮುಚ್ಚಿಟ್ಟ ಟ್ಯಾಂಕಿನ ವಾಸನೆ. ಅದನ್ನ ನೋಡ್ದೋನಿಗೆ ಪೇಪರ್ ಯಾಕೆ ಬೇಕು?"

"ಭಾನುವಾರ ಏನಾಯ್ತು?" ಎಂದು ಅವಳು ಕೇಳಿದಳು. ಕೇಳುವಾಗ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು.

ಮೇಸ್ತ್ರಿ ಬಾಟಲಿಯನ್ನು ಅವಳ ಕೈಗೆ ಕೊಟ್ಟರು. ಅಷ್ಟು ವರ್ಷ ಹೇಳಲು ಹೊರಟು ಹೇಳಲಾಗದ್ದನ್ನು ಈಗ ಎಲ್ಲಿಂದ ಹಿಡಿಯಬೇಕೆಂದು ಅವರಿಗೆ ತಿಳಿಯಲಿಲ್ಲವೇನೋ.

"ಓವರ್‌ಸಿಯರ್ ಒಂದು ಮಾತು ಹೇಳಿದ್ರು. ಕೆಳಗೆ ಬುಡದಲ್ಲಿ ಒಂದು ಸಂದಿ ಬಿಡು ಮೇಸ್ತ್ರಿ, ಒಳಗೆ ನೀರಿಳಿದ್ರೆ ಆಚೆ ಹೋಗ್ಲಿ ಅಂತ. ಬಿಟ್ಟೆ. ಬೆರಳು ಹೋಗೋಷ್ಟು ಸಂದಿ. ಮೊದಲ್ನೇ ಮಳೆ ಬಂತು ನೋಡು, ಅದ್ರಿಂದ ಜಿನುಗೋಕೆ ಶುರುವಾಯ್ತು. ಕಂದು ನೀರು. ನನ್ನ ಗಾರೆ ಮೇಲೆಲ್ಲ ಕಲೆ. ಹೋಗೋರು ಬರೋರೆಲ್ಲ ನೋಡೋರು. 'ಏನ್ ಮೇಸ್ತ್ರಿ, ನಿನ್ನ ಕೆಲಸ ಸೋರ್ತಿದೆಯಲ್ಲಾ' ಅನ್ನೋರು. ನಗ್ತಾ ಅನ್ನೋರು, ತಮಾಷೆಗೆ."

ಅವರು ನಿಲ್ಲಿಸಿದರು. ಅವಳ ನಾಲಿಗೆಯ ತುದಿಗೆ ಏನೇನೋ ಬಂತು. ಅವಳು ಬಾಯಿ ತೆರೆಯಲಿಲ್ಲ.

"ನನ್ನ ಕೆಲಸ ಸೋರುತ್ತೆ ಅಂತ ಅಲ್ಲೀವರೆಗೂ ಯಾವನೂ ಅಂದಿರ್ಲಿಲ್ಲ. ತಡ್ಕೊಳ್ಳೋಕಾಗ್ಲಿಲ್ಲ. ಭಾನುವಾರ ರಸ್ತೇಲಿ ಜನ ಇರಲ್ಲ ಅಂತ ಒಂದು ಡಬ್ಬೀಲಿ ಸಿಮೆಂಟು ಕಲಸ್ಕೊಂಡು ಬಂದು, ಹೆಬ್ಬೆಟ್ಟಲ್ಲಿ ಒತ್ತಿ ಮುಚ್ಚಿಬಿಟ್ಟೆ. ಗಾರೆ ಬಳಿಯೋ ಕರಣೇನೂ ತಂದಿರ್ಲಿಲ್ಲ. ಒಂದು ಲೋಟ ಟೀ ಆರೋಷ್ಟು ಹೊತ್ತಿನ ಕೆಲಸ. ಮುಂದಿನ ವಾರ ನಿಮ್ಮಮ್ಮ ನಿನ್ನ ಚಿಕ್ಕಮ್ಮನ್ನ ಕರ್ಕೊಂಡು ಬಂದು ತೋರಿಸ್ತಾಳೆ, ಒಂದು ತೊಟ್ಟು ಸೋರಲ್ಲ ಅಂತ. ನಾನು ಪಕ್ಕದಲ್ಲೇ ನಿಂತಿದ್ದೆ. ಆಗ ಹೇಗೆ ಹೇಳ್ಲಿ? ಮರ ಬಿದ್ಮೇಲಾದ್ರೂ ಹೇಳೋಣ ಅಂದ್ರೆ ಅವಳು ಕೂತ್ರೆ ತಾನೇ."

ರಸ್ತೆಯಲ್ಲಿ ಬಸ್ಸೊಂದು ನಿಂತು, ಯಾರನ್ನೋ ಇಳಿಸಿ, ಹೊರಟುಹೋಯಿತು.

"ಅಮ್ಮ ನಿಂಗೆ ನೋವಾಗ್ಬಾರ್ದು ಅಂತ ಹಾಗೆ ಮಾಡಿದ್ದು ಅಪ್ಪ."

"ಅದು ನಂಗೆ ಗೊತ್ತಿಲ್ವಾ? ಅವಳಷ್ಟು ಒಳ್ಳೇ ಹೆಂಗಸು ಯಾರಿದ್ದಾರೆ? ಆಸ್ಪತ್ರೇಲಿ ಕೊನೇಲಿ ಮಲ್ಗಿದ್ದಾಗ್ಲೂ ನಾನು ಹತ್ರ ಕೂತು, ಲೇ, ಒಂದು ವಿಷಯ ಹೇಳ್ಬೇಕು ಅಂದೆ. 'ನಿಮ್ಮ ಅಂಗಿ ಗುಂಡಿ ಕಿತ್ತೋಗಿದೆ ನೋಡ್ರಿ,' ಅಂದ್ಳು." ಮೇಸ್ತ್ರಿ ತಮ್ಮ ಎದೆಯ ಮೇಲಿನ ಗುಂಡಿಯನ್ನು ಒಮ್ಮೆ ಮುಟ್ಟಿಕೊಂಡರು. "ಒಂದೇ ಒಂದ್ಸಲ ಅವಳು ನನ್ನ ಬೈದಿದ್ರೆ ಸಾಕಿತ್ತು. 'ಎಂಥ ಕೆಲಸ ಮಾಡಿಬಿಟ್ರಿ, ನಿಮ್ಮ ಕೈಗಿಷ್ಟು' ಅಂತ. ಮನೇಲಿ ಪಾತ್ರೆ ಒಡೆದ್ರೆ ಮೂರು ದಿನ ಬಯ್ಯೋಳು. ಇದಕ್ಕೆ ಬಯ್ಲಿಲ್ಲ."

ಅವರು ಮಗಳ ಮುಖವನ್ನೇ ನೋಡುತ್ತಿದ್ದರು. ಕನ್ನಡಕವಿಲ್ಲದ ಕಣ್ಣುಗಳು ಸ್ವಲ್ಪ ಚಿಕ್ಕವಾಗಿ, ಸ್ವಲ್ಪ ಒದ್ದೆಯಾಗಿ, ಯಾವುದನ್ನೋ ಎದುರು ನೋಡುತ್ತಿದ್ದವು. ಏನನ್ನು ಎಂದು ಅವಳಿಗೆ ಅರ್ಥವಾಗಿತ್ತು. ಎರಡು ಒರಟು ಮಾತು ಸಾಕಾಗಿತ್ತು. ಆಸ್ಪತ್ರೆಯಲ್ಲಿ ಸಾಲು ತಪ್ಪಿಸಿ ಬಂದವರಿಗೆ ದಿನಾ ಹೇಳುವಂಥ ಮಾತು. ಅವಳು ಬಾಯಿ ತೆರೆದಳು.

"ಆಗ ಯಾರಿಗೆ ಗೊತ್ತಿತ್ತು ಹೇಳಪ್ಪ," ಎಂದಳು. "ನೀನು ಒಳ್ಳೇದಕ್ಕೇ ಮಾಡಿದ್ದಲ್ವಾ."

ಮೇಸ್ತ್ರಿ ತಲೆಯಾಡಿಸಿದರು. "ಹೌದೌದು," ಎಂದರು. ಮನೆಗೆ ಬಂದ ನೆಂಟರು ಊಟ ಬೇಡವೆಂದಾಗ ಒತ್ತಾಯ ಮಾಡದೆ ಬಿಡುವ ಹಾಗಿತ್ತು ಆ ದನಿ. ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಲು ಅವಳಿಗೆ ದಾರಿ ತೋಚಲಿಲ್ಲ. ಬೇರೆ ಯಾವುದೋ ಮಾತಾಗಿದ್ದರೆ ತೆಗೆದುಕೊಳ್ಳಬಹುದಿತ್ತೇನೋ. ಇಷ್ಟು ಮೆತ್ತಗಿನ ಮಾತಿಗೆ ಕ್ಷಮೆ ಕೇಳುವುದಾದರೂ ಹೇಗೆ?

ಅವರು ಪಂಚೆಯನ್ನು ಎತ್ತಿ ಕಟ್ಟಿ, ಸರಪಳಿಯ ಆಚೆಗೆ ಒಂದು ಕಾಲಿಟ್ಟರು. ಇನ್ನೊಂದನ್ನು ಕೈಯಿಂದ ಎತ್ತಿ ಇಟ್ಟುಕೊಂಡರು. ಸಿಮೆಂಟಿನ ಬುಡವನ್ನು ಸವರುತ್ತ ಸುತ್ತು ಹಾಕಿ, ಹಿಂಬದಿಯಲ್ಲಿ ಒಂದು ಕಡೆ ನಿಂತು, ಕುಕ್ಕರಗಾಲಿನಲ್ಲಿ ಕೂತರು. ಅಲ್ಲಿ, ನೆಲಕ್ಕೆ ತಾಗುವಂತೆ, ಬೇರೆ ಬಣ್ಣದ ಒಂದು ಚಿಕ್ಕ ಬಿಲ್ಲೆಯಿತ್ತು. ಉಳಿದ ಮೈಯೆಲ್ಲ ಮರದ ಗೆರೆಗಳಾದರೆ ಅದರ ಮೇಲೆ ಮಾತ್ರ ಯಾವ ಗೆರೆಯೂ ಇರಲಿಲ್ಲ, ನಡುವೆ ಹೆಬ್ಬೆಟ್ಟಿನಗಲದ ಒಂದು ತಗ್ಗಿತ್ತು.

ಮೇಸ್ತ್ರಿ ಹುಲ್ಲಿನಲ್ಲಿ ಬಿದ್ದಿದ್ದ ಒಂದು ಕಡ್ಡಿಯನ್ನು ಆರಿಸಿಕೊಂಡು ಬಿಲ್ಲೆಯ ಅಂಚನ್ನು ಕೆರೆಯತೊಡಗಿದರು. ಕಡ್ಡಿ ಮುರಿಯಿತು. ಇನ್ನೊಂದನ್ನು ಎತ್ತಿಕೊಂಡರು. ಅದೂ ಮುರಿಯಿತು. ಕೊನೆಗೆ ಉಗುರಿನಿಂದಲೇ ಕೆರೆದರು. ದೂರದ ಗೇಟಿನಿಂದ ಕಾವಲುಗಾರ ಪೀಪಿ ಊದಿ, "ಅಜ್ಜಾ, ಈಚೆ ಬನ್ನಿ!" ಎಂದು ಕೂಗಿದ. ಅವರು ತಿರುಗಿ ನೋಡಲಿಲ್ಲ.

ಅವಳು ಸರಪಳಿ ದಾಟಿ ಹೋದಳು. ಅವರನ್ನು ಎಬ್ಬಿಸಲು ಕಂಕುಳಿಗೆ ಕೈ ಹಾಕುವವಳಿದ್ದಳು, ಹಾಕಲಿಲ್ಲ. ಬ್ಯಾಗಿನಿಂದ ಮನೆಯ ಬೀಗದ ಕೈ ತೆಗೆದು ಕೊಟ್ಟಳು. ಮೇಸ್ತ್ರಿ ಅದನ್ನು ಯಾರು ಕೊಟ್ಟರೆಂದೂ ನೋಡದೆ, ಕೆಲಸದ ಹೊತ್ತಿನಲ್ಲಿ ಆಳಿನ ಕೈಯಿಂದ ಉಪಕರಣ ಈಸಿಕೊಳ್ಳುವ ಹಾಗೆ ಈಸಿಕೊಂಡರು. ಕಬ್ಬಿಣ ಸಿಮೆಂಟಿಗೆ ತಾಗುವ ಸದ್ದು ಶುರುವಾಯಿತು. ಬಿಲ್ಲೆ ಅಲುಗಲಿಲ್ಲ. ಕಾವಲುಗಾರ ಹುಲ್ಲು ದಾಟಿ ಹತ್ತಿರ ಹತ್ತಿರ ಬರುತ್ತಿದ್ದ. ಅವಳು ಅವನಿಗೂ ಅಪ್ಪನಿಗೂ ನಡುವೆ, ಬಿಸಿಲಿಗೆ ಬೆನ್ನು ಮಾಡಿ ನಿಂತುಕೊಂಡಳು. ಅವಳ ನೆರಳಿನಲ್ಲಿ ಮೇಸ್ತ್ರಿ ಕೆರೆಯುತ್ತಲೇ ಇದ್ದರು. ಬೂದುಬಣ್ಣದ ಪುಡಿ ಒಂದೊಂದೇ ಚಿಟಿಕೆಯಾಗಿ ಅವರ ಇಸ್ತ್ರಿ ಅಂಗಿಯ ತೋಳಿನ ಮೇಲೆ ಬೀಳುತ್ತಿತ್ತು.